ಕೈತೋಟವಿಲ್ಲದ ಮನೆಗೆ ಗೊಬ್ಬರದ ಮಡಕೆ

ಪ್ರಶ್ನೆ: ನಾವು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಗಿಡ ಬೆಳೆಸಲು ಜಾಗವೂ ಇಲ್ಲ, ಆಸಕ್ತಿಯೂ ಇಲ್ಲ. ಆದರೂ ಅಡುಗೆಮನೆಯ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಬಹುದೇ? ನಮ್ಮ ಬೇಸಿಗೆಗೆ ಅದು ನಾರುವುದಿಲ್ಲವೇ? ಆದ ಗೊಬ್ಬರವನ್ನು ಏನು ಮಾಡುವುದು?
– ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಖಂಡಿತ ಮಾಡಬಹುದು. ಗಿಡಗಳ ಹಂಗಿಲ್ಲದವರಿಗೆ ಈ ಕೆಲಸ ಒಂದು ರೀತಿಯಲ್ಲಿ ಸುಲಭವೇ, ಏಕೆಂದರೆ ಗೊಬ್ಬರ ಬೇಗ ಆಗಬೇಕೆಂಬ ಅವಸರವಾಗಲಿ, ಅದು ಉತ್ಕೃಷ್ಟವಾಗಿರಬೇಕೆಂಬ ಹಟವಾಗಲಿ ಅವರಿಗಿರುವುದಿಲ್ಲ. ಕಸ ಕರಗಿದರೆ ಸಾಕು. ತರಕಾರಿ ಸಿಪ್ಪೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ತುಂಬಿದ ಮಡಕೆ ಕೆಲವೇ ದಿನಗಳಲ್ಲಿ ಕುಸಿದು ಮತ್ತೆ ಜಾಗ ಕೊಡುತ್ತದೆ.

ದುರ್ವಾಸನೆಗೆ ಬೇಸಿಗೆಯನ್ನು ದೂರಿ ಫಲವಿಲ್ಲ. ಹಸಿ ಕಸ ಒತ್ತೊತ್ತಾಗಿ ಕುಳಿತು ಗಾಳಿಯಾಡದೆ ಹೋದಾಗ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಕೊಳೆತ ಮೊಟ್ಟೆಯಂಥ ನಾತ ಅವುಗಳದು. ಮೂಗಿಗೆ ಚುರುಕು ಮುಟ್ಟಿಸುವ ಅಮೋನಿಯಾದ ಘಾಟು ಬೇರೆ: ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು, ಅಡುಗೆಮನೆಯ ಕಸದಲ್ಲಿ ಸಾಮಾನ್ಯವಾಗಿ ಅಷ್ಟು ಇಂಗಾಲ ಇರುವುದಿಲ್ಲವಾದ್ದರಿಂದ ಹೆಚ್ಚಾದ ಸಾರಜನಕ ಹೀಗೆ ಹಾರಿಹೋಗುತ್ತದೆ. ಎರಡಕ್ಕೂ ಮದ್ದು ಒಂದೇ, ಒಣ ಎಲೆ. ಒಂದು ಬಟ್ಟಲು ಹಸಿ ಕಸ ಹಾಕಿದ ಕೂಡಲೇ ಅದರ ಮೇಲೆ ಒಂದೂವರೆ ಬಟ್ಟಲಿನಷ್ಟು ಪುಡಿ ಮಾಡಿದ ಒಣ ಎಲೆ ಸುರಿಯಿರಿ. ಹಸಿ ಕಸ ಕಣ್ಣಿಗೆ ಕಾಣದಂತೆ ಮುಚ್ಚಿದರೆ ನೊಣವೂ ಸುಳಿಯದು. ನಮ್ಮ ಕಡೆ ಬೇವಿನ ಮರಗಳು ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆ ಉದುರಿಸುತ್ತವೆ. ಆಗಲೇ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳುವುದು ಜಾಣತನ, ಏಕೆಂದರೆ ಮಳೆಗಾಲದಲ್ಲಿ ಒಣ ಎಲೆ ಹುಡುಕಿದರೂ ಸಿಗುವುದಿಲ್ಲ. ಎಲೆ ಮುಗಿದರೆ ಜಜ್ಜಿದ ಶೇಂಗಾ ಸಿಪ್ಪೆ, ಹರಿದ ಪತ್ರಿಕೆ, ಸಾಮಿಲ್ಲಿನ ಹೊಟ್ಟು ಆದೀತು.

ತಳದಲ್ಲೂ ಪಕ್ಕದಲ್ಲೂ ತೂತುಗಳಿರುವ ಎರಡು ದೊಡ್ಡ ಮಣ್ಣಿನ ಮಡಕೆಗಳು ಸಾಕು. ಒಂದು ತುಂಬಿದ ಮೇಲೆ ಅದನ್ನು ಬದಿಗಿಟ್ಟು ಇನ್ನೊಂದನ್ನು ಶುರುಮಾಡಿ. ಮೊದಲನೆಯದು ಎರಡು–ಮೂರು ತಿಂಗಳಲ್ಲಿ ಪಕ್ವವಾಗುತ್ತದೆ. ಪ್ರಾರಂಭಕ್ಕೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ತೋಟದ ಮಣ್ಣು ಹಾಕಿದರಾಯಿತು. ದುಬಾರಿ ಪುಡಿಗಳನ್ನು ಕೊಳ್ಳಬೇಕೆಂದು ನನಗೆ ಅನ್ನಿಸುವುದಿಲ್ಲ. ಪುಂಡಿಪಲ್ಯದ ನಾರುಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ. ಮಿಕ್ಕ ಜೋಳದ ರೊಟ್ಟಿಯನ್ನು ಮುರಿದು ಹಾಕಬಹುದು, ಅದರ ಮೇಲೆ ಬರುವ ಬೂಸ್ಟು ಕೆಲಸಕ್ಕೆ ನೆರವೇ. ಮಾಂಸ, ಎಲುಬು, ಎಣ್ಣೆಯ ಸಾರು ಬೇಡ.

ಮೇ ತಿಂಗಳಲ್ಲಿ ಕಲಬುರಗಿಯ ನಿಜವಾದ ತೊಂದರೆ ವಾಸನೆಯಲ್ಲ, ಒಣಗುವುದು. ಮಣ್ಣಿನ ಮಡಕೆಯ ಗೋಡೆಯಿಂದಲೇ ತೇವ ಆರಿಹೋಗುತ್ತದೆ, ಒಣಗಿದ ಕಸ ಕೊಳೆಯುವುದನ್ನೇ ನಿಲ್ಲಿಸುತ್ತದೆ, ಇರುವೆಗಳು ಗೂಡು ಕಟ್ಟುತ್ತವೆ. ಆದ್ದರಿಂದ ಮಡಕೆಯನ್ನು ಮಾಳಿಗೆಯ ಬಿಸಿಲಿನಲ್ಲಿ ಇಡದೆ ನೆರಳಿನಲ್ಲಿಟ್ಟು, ಹೊರಗೆ ಒದ್ದೆ ಗೋಣಿ ಸುತ್ತಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ತೇವ ಸರಿಯಾಗಿದೆ, ಧಾರೆಯಾಗಿ ಸುರಿದರೆ ಎಲೆ ಬೆರೆಸಿ, ಉದುರಿ ಬಿದ್ದರೆ ನೀರು ಚಿಮುಕಿಸಿ.

ಗೊಬ್ಬರ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ನೆರಳಿನಲ್ಲಿ ಆರಿಸಿ ಚೀಲಕ್ಕೆ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡದು. ಬೀದಿಯ ಬೇವು, ಹೊಂಗೆ ಮರಗಳ ಬುಡಕ್ಕೆ, ಕಾಂಡಕ್ಕೆ ತಾಗದಂತೆ ತೆಳ್ಳಗೆ ಹರಡಿ. ಊರಿಗೆ ಹೋಗುವ ನೆಂಟರ ಕೈಗೆ ಕೊಟ್ಟರೆ ಬದುವಿನ ಮಾವಿಗಾದರೂ ಬೀಳುತ್ತದೆ.

ಪ್ರಶ್ನೆ: ಮಡಕೆಯಲ್ಲಿ ದಪ್ಪ ಬೂದು ಹುಳುಗಳು ಕಾಣಿಸಿಕೊಂಡಿವೆ. ಎಸೆಯಲೇ?
– ಓದುಗರು, ಬೀದರ್

ಉತ್ತರ: ಎಸೆಯಬೇಡಿ. ನೀವು ಹೇಳುವ ಲಕ್ಷಣ ನೋಡಿದರೆ ಅವು ಬಹುತೇಕ ಕಪ್ಪು ಸೈನಿಕ ನೊಣದ ಮರಿಗಳು. ಈ ನೊಣ ಕಚ್ಚುವುದಿಲ್ಲ, ಅಡುಗೆಮನೆಯ ಅನ್ನಕ್ಕೆ ಮುತ್ತುವ ಜಾತಿಯೂ ಅಲ್ಲ. ಮರಿಗಳು ಹಸಿ ಕಸವನ್ನು ಬಲು ಬೇಗ ತಿಂದು ಮುಗಿಸುತ್ತವೆ. ನೋಡಲು ಹೇಸಿಗೆಯಾದರೆ ನಾಲ್ಕು ದಿನ ಹಸಿ ಕಸ ಹಾಕುವುದನ್ನು ನಿಲ್ಲಿಸಿ, ಒಣ ಎಲೆಯನ್ನು ಧಾರಾಳವಾಗಿ ಬೆರೆಸಿ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಹೊಸ ಮೊಟ್ಟೆಗಳು ಬೀಳುವುದು ತಪ್ಪುತ್ತದೆ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯವೇಕೆ, ಕಸದ ಗಾಡಿಗೆ ಕೊಟ್ಟರಾಗದೇ?
– ಓದುಗರು, ಯಾದಗಿರಿ

ಉತ್ತರ: ಹಸಿ ಕಸವನ್ನು ಬೇರೆ ಮಾಡಿ ಕೊಡುವುದಾದರೆ ಧಾರಾಳವಾಗಿ ಕೊಡಿ, ಮನೆಯಲ್ಲೇ ವಿಂಗಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳಿದ್ದವು. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆದ ಸಿಪ್ಪೆ ಕಸದ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊರಬಿಡುತ್ತದೆ, ಗುಡ್ಡೆಗಳಿಗೆ ಬೆಂಕಿ ಹತ್ತಲು ಆ ಅನಿಲವೂ ಒಂದು ಕಾರಣ. ಮಡಕೆ ಬೇಡವೆನ್ನುವವರು ಕನಿಷ್ಠ ಆ ಗಂಟು ಬಿಚ್ಚಿ, ಹಸಿಯನ್ನಷ್ಟೇ ಬಕೆಟ್ಟಿನಲ್ಲಿ ಕೊಡಲಿ.