ಮೆಕ್ಯಾನಿಕಲ್ ವಾಲ್ವ್‌ನಲ್ಲಿ ಹೆಪ್ಪು: ಎಕೋ ಆದಮೇಲೂ ಇಷ್ಟೊಂದು ಪರೀಕ್ಷೆ ಏಕೆ?

ತಾಯಿಯ ಮೈಟ್ರಲ್ ಮೆಕ್ಯಾನಿಕಲ್ ವಾಲ್ವ್‌ನ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಕೂರಿಸಿದ ಕೃತಕ ಕವಾಟ) ಮೀನ್ ಗ್ರೇಡಿಯಂಟ್, ಅಂದರೆ ವಾಲ್ವ್‌ನ ಎರಡು ಬದಿಯ ಸರಾಸರಿ ಒತ್ತಡ ವ್ಯತ್ಯಾಸ, 12 ಎಂಎಂಎಚ್‌ಜಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) 1.6 ಬಂದಿದೆ, ಈಗ ಟಿಇಇ (ಅನ್ನನಾಳದೊಳಗಿನಿಂದ ಮಾಡುವ ಎಕೋ), ಫ್ಲೋರೋಸ್ಕೋಪಿ (ಚಲನೆ ತೋರಿಸುವ ಎಕ್ಸ್‌ರೇ) ಎನ್ನುತ್ತಿದ್ದಾರೆ, ಎಲ್ಲವೂ ಬೇಕೇ ಎಂದು ಕೇಳಿದ್ದೀರಿ. ಬೇಕು. ಆದರೆ ಏದುಸಿರು, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಎದೆಯ ಮೇಲಿಂದ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್) ಹರಿವಿನ ಅಡ್ಡಿಯ ಸುಳಿವನ್ನಷ್ಟೇ ಕೊಡುತ್ತದೆ. ರಕ್ತಹೀನತೆ, ಜ್ವರ, ಬಸಿರು ಇದ್ದರೂ ಗ್ರೇಡಿಯಂಟ್ ಏರುತ್ತದೆ. ರಿಪೋರ್ಟಿನಲ್ಲಿ ಹಾರ್ಟ್ ರೇಟ್ ಬರೆದಿದೆಯೇ ನೋಡಿ: 70ರಲ್ಲಿ ಬಂದ 12 ಬೇರೆ, 120ರಲ್ಲಿ ಬಂದ 12 ಬೇರೆ, ಹೃದಯ ವೇಗವಾಗಿ ಬಡಿದರೂ ಅದು ಏರುತ್ತದೆ. ಪ್ರೆಷರ್ ಹಾಫ್ ಟೈಮ್ (ಆ ಒತ್ತಡ ವ್ಯತ್ಯಾಸ ಅರ್ಧಕ್ಕಿಳಿಯಲು ಹಿಡಿಯುವ ಸಮಯ) 130 ಮಿಲಿಸೆಕೆಂಡ್ ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಪರೇಷನ್ ಆದ ಹೊಸತರಲ್ಲಿ ಮಾಡಿಸಿದ ಎಕೋ ರಿಪೋರ್ಟ್ ಮನೆಯಲ್ಲಿದ್ದರೆ ಹುಡುಕಿ ಒಯ್ಯಿರಿ. ಹೋಲಿಕೆಗೆ ಅದರಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲ.

ಎದೆಯ ಕಡೆಯಿಂದ ನೋಡುವಾಗ ವಾಲ್ವ್‌ನ ನೆರಳು ಎಡ ಏಟ್ರಿಯಂ (ಹೃದಯದ ಎಡ ಮೇಲ್ಕೋಣೆ) ಮೇಲೆ ಬೀಳುತ್ತದೆ, ಅಲ್ಲಿ ಕೂತ ಹೆಪ್ಪು ಮರೆಯಾಗುತ್ತದೆ. ಅನ್ನನಾಳ ಏಟ್ರಿಯಂನ ಬೆನ್ನಿಗೇ ಇರುವುದರಿಂದ ಟಿಇಇಯಲ್ಲಿ ಅದು ನೇರವಾಗಿ ಕಾಣುತ್ತದೆ. ಸುಮಾರು 6 ಗಂಟೆ ಖಾಲಿ ಹೊಟ್ಟೆ ಬೇಕು. ಹೆಪ್ಪಿನ ವಿಸ್ತೀರ್ಣ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. 0.8 ಚದರ ಸೆಂಟಿಮೀಟರ್ ಮೀರಿದರೆ, ಕರಗಿಸುವ ಔಷಧ ಕೊಟ್ಟಾಗ ಚೂರು ಕಿತ್ತು ಮಿದುಳಿಗೆ ಹೋಗುವ ಅಪಾಯ ಹೆಚ್ಚು.

ಫ್ಲೋರೋಸ್ಕೋಪಿ ಕ್ಯಾಥ್ ಲ್ಯಾಬ್‌ನಲ್ಲಿ ಕೆಲವೇ ನಿಮಿಷದ ಕೆಲಸ. ಸೂಜಿ ಇಲ್ಲ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಇಲ್ಲ. ಸೇಂಟ್ ಜೂಡ್ ಎಂಬ ಬ್ರ್ಯಾಂಡ್‌ನ ವಾಲ್ವ್‌ನ ಎರಡೂ ಎಲೆಗಳು (ತೆರೆದು ಮುಚ್ಚುವ ಬಿಲ್ಲೆಗಳು) 85 ಡಿಗ್ರಿ ತೆರೆಯಬೇಕು. ಒಂದೇ ಎಲೆ ಅಲುಗುತ್ತಿದ್ದರೆ ಇನ್ನೊಂದು ಸಿಕ್ಕಿಕೊಂಡಿದೆ ಎಂದರ್ಥ. ಕೈತಪ್ಪುವುದು ಕ್ಯಾಮೆರಾದ ಕೋನದಲ್ಲಿ: ವಾಲ್ವ್‌ನ ಉಂಗುರ ಒಂದು ಗೆರೆಯಂತೆ, ಎಲೆಗಳು ಅಂಚಿನಿಂದ ಕಾಣುವಂತೆ ತಿರುಗಿಸದಿದ್ದರೆ ಅಳತೆಯೇ ತಪ್ಪು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್ ಆಗಿದ್ದರೆ ಲೆಕ್ಕವೇ ಬೇರೆ. ಅದರ ಡಿಸ್ಕ್ ಪಾಲಿಎಥಿಲೀನ್‌ನದು, ಎಕ್ಸ್‌ರೇಗೆ ಕಾಣದು. ಅದಕ್ಕೇ ಯಾವ ವಾಲ್ವ್ ಎಂದು ಬರೆದಿರುವ ವಾಲ್ವ್ ಕಾರ್ಡ್ ಒಯ್ಯಲು ಮರೆಯಬೇಡಿ.

ಹೆಪ್ಪೋ ಪ್ಯಾನಸ್ಸೋ, ಅಂದರೆ ನಿಧಾನವಾಗಿ ಬೆಳೆದ ನಾರಿನಂಥ ಅಂಗಾಂಶವೋ ಎಂಬ ಗೊಂದಲ ಉಳಿದರೆ ಇಸಿಜಿ ಗೇಟೆಡ್ ಸಿಟಿ (ಹೃದಯ ಬಡಿತಕ್ಕೆ ಹೊಂದಿಸಿ ತೆಗೆಯುವ ಸ್ಕ್ಯಾನ್) ಮಾಡಿಸುತ್ತಾರೆ. ಸಾಂದ್ರತೆ 145 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಮಾನ) ಮೀರಿದರೆ ಪ್ಯಾನಸ್ ಕಡೆಗೆ, 90ಕ್ಕಿಂತ ಕಡಿಮೆಯಾದರೆ ಕರಗಬಲ್ಲ ಹೆಪ್ಪಿನ ಕಡೆಗೆ ವಾಲುತ್ತದೆ. ಪ್ಯಾನಸ್ ಯಾವ ಔಷಧಕ್ಕೂ ಕರಗದು. ಕಾಂಟ್ರಾಸ್ಟ್ ಕೊಡುವುದರಿಂದ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿ.

ಐಎನ್‌ಆರ್ 1.6 ಇರುವುದರಿಂದ ಇಲ್ಲಿ ಹೆಪ್ಪಿನ ಅನುಮಾನವೇ ಬಲವಾಗಿದೆ. ಮೈಟ್ರಲ್ ಮೆಕ್ಯಾನಿಕಲ್ ವಾಲ್ವ್‌ಗೆ ಸಾಮಾನ್ಯ ಗುರಿ 2.5ರಿಂದ 3.5. ಹಾಗೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ. ಹೆಪಾರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್), ಹೆಪ್ಪು ಕರಗಿಸುವ ಔಷಧ, ಆಪರೇಷನ್ ಇವುಗಳಲ್ಲಿ ಯಾವುದೆಂದು ವೈದ್ಯರು ನಿರ್ಧರಿಸುವ ಮುನ್ನ ಐಎನ್‌ಆರ್ ಏರಿಬಿಟ್ಟರೆ ರಕ್ತಸ್ರಾವದ ಭಯ ಹೆಚ್ಚುತ್ತದೆ.