ಜೀಪಿನಲ್ಲಿ ಎಚ್‌ಎಫ್ ರೇಡಿಯೋ

ಪ್ರಶ್ನೆ: ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಜೀಪಿಗೆ 100 ವಾಟ್‌ನ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಹಾಕಿಸಿ, ಲೈಟರ್ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದೇನೆ. ಮಾತಾಡಲು ಬಟನ್ ಒತ್ತಿದರೆ ಸೆಟ್ ಆಫ್ ಆಗುತ್ತದೆ. ಯಾಕೆ? – ಓದುಗರು, ಮಂಡ್ಯ

ಉತ್ತರ: ಸುಮ್ನೆ ಸೆಟ್ಟನ್ನು ಬೈಯಬೇಡಿ ಸ್ವಾಮಿ. ಮಾತಾಡುವಾಗ ಅದು ಸುಮಾರು 20 ಆಂಪಿಯರ್ ಎಳೆಯುತ್ತದೆ. ಸಾಕೆಟ್‌ನ ತೆಳು ವೈರ್ ಅಷ್ಟನ್ನು ತಡೆದುಕೊಳ್ಳುತ್ತದಾ? ವೋಲ್ಟೇಜ್ ಕುಸಿದು ಸೆಟ್ ಆಫ್ ಆಗುತ್ತದೆ. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಸಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ.

ನೀವು ಕೇಳದಿದ್ದರೂ ಆಂಟೆನಾ ಬಗ್ಗೆ ಹೇಳಲೇಬೇಕು. 7 ಮೆಗಾಹರ್ಟ್ಸ್‌ಗೆ ಆಂಟೆನಾಗೆ ಬೇಕಾದ ಉದ್ದ, ಅಂದರೆ ಅಲೆಯ ಉದ್ದದ ಕಾಲು ಭಾಗವೇ, 10 ಮೀಟರ್‌ಗಿಂತ ಜಾಸ್ತಿ. 2 ಮೀಟರ್ ಕಡ್ಡಿಗೆ ಆ ಕೊರತೆ ತುಂಬಲು ಕಾಯಿಲ್ ಸುತ್ತಿದರೂ ಬಹುಪಾಲು ಪವರ್ ಬಿಸಿಯಾಗಿ ಹೋಗುತ್ತದೆ. ಆಂಟೆನಾ ಬ್ರಾಕೆಟ್ ಕೆಳಗಿನ ಪೇಂಟ್ ಕೆರೆದು, ಬಾಡಿಯ ಲೋಹಕ್ಕೆ ನೇರ ತಾಗುವಂತೆ ಬಿಗಿಯಿರಿ. ಮಾತಾಡುವಾಗ ಕಡ್ಡಿ ಮುಟ್ಟಿದರೆ ಚರ್ಮ ಸುಡುತ್ತದೆ, ಮಕ್ಕಳನ್ನು ದೂರ ಇಡಿ. ಗದ್ದೆ ದಾರಿಯಲ್ಲಿ ಜೋತು ಬಿದ್ದ ಕರೆಂಟ್ ತಂತಿ ಕಂಡರೆ ಮೊದಲು ಆಂಟೆನಾ ಬಿಚ್ಚಿ.