ಓದುಗರ ಪ್ರಶ್ನೆ: ದಪ್ಪ ಹಲಗೆಯಲ್ಲಿ ನಿಲ್ಲದ ಆರ್ಕೇಡ್ ಬಟನ್

ಪ್ರಶ್ನೆ: ಮನೆಯಲ್ಲೇ ಇಬ್ಬರು ಆಡುವಂಥ ಆರ್ಕೇಡ್ ಕಂಟ್ರೋಲ್ ಪ್ಯಾನೆಲ್ (ವಿಡಿಯೊ ಗೇಮ್ ಆಡುವ ಬಟನ್‌ಗಳ ಹಲಗೆ) ಮಾಡುತ್ತಿದ್ದೇನೆ. ಸನ್‌ಮೈಕಾ ಹಚ್ಚಿದ 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) 30 ಮಿ.ಮೀ. ತೂತು ಕೊರೆದು, ಒತ್ತಿ ಕೂರಿಸುವ ಜಪಾನಿ ಮಾದರಿಯ ಬಟನ್ ಹಾಕಿದೆ. ಆಡುವಾಗ ಅವು ತಿರುಗಿ ಮೇಲೆದ್ದು ಬರುತ್ತವೆ. ಅಂಟು ಹಾಕಬಹುದೇ? ಸನ್‌ಮೈಕಾದ ಅಂಚೂ ಸಿಡಿದಿದೆ. ಎರಡನೆಯ ಬದಿಯನ್ನು ಇನ್ನೂ ಕೊರೆಯಬೇಕಾಗಿದೆ.
— ಓದುಗರು, ಡೊಂಬಿವಲಿ

ಉತ್ತರ: ಅಂಟು ಬೇಡ. ಅದು ಒಳಕ್ಕೆ ಹರಿದರೆ ಬಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಸ್ವಿಚ್ ಕೆಟ್ಟಾಗ ಬಿಚ್ಚಲೂ ಆಗುವುದಿಲ್ಲ. ನಿಮ್ಮ ಬಟನ್‌ಗಳಲ್ಲಿ ದೋಷವಿಲ್ಲ. ಅವುಗಳ ಪಕ್ಕದಲ್ಲಿರುವ ಪ್ಲಾಸ್ಟಿಕ್ ಕೊಕ್ಕೆಗಳು ಹಲಗೆಯನ್ನು ದಾಟಿ ಕೆಳಗೆ ಅರಳಿ ಹಿಡಿಯಬೇಕು. ಎರಡು ಮೂರು ಮಿ.ಮೀ. ದಪ್ಪದ ತಗಡು ಅಥವಾ ಅಕ್ರಿಲಿಕ್‌ಗೆಂದು ಮಾಡಿದ ಆ ಕೊಕ್ಕೆಗಳು ನಿಮ್ಮ ಹಲಗೆಯಲ್ಲಿ ತೂತಿನೊಳಗೇ ಉಳಿದುಬಿಟ್ಟಿವೆ. ಕೆಳಗಿನಿಂದ ಎಂಡಿಎಫ್ ಕೆತ್ತಿ ತೆಳುವಾಗಿಸುವುದುಂಟು, ಆದರೆ ಮೂರು ಮಿ.ಮೀ. ಎಂಡಿಎಫ್ ಜೋರು ಆಟದ ಏಟಿಗೆ ಬಹುಕಾಲ ತಡೆಯುವುದಿಲ್ಲವಾದ್ದರಿಂದ ಆ ದಾರಿಯನ್ನು ನಾನು ಸೂಚಿಸಲಾರೆ.

ಹಲಗೆ ಸಿದ್ಧವಾಗಿರುವಾಗ ಬಟನ್ ಬದಲಿಸುವುದೇ ಸುಲಭ. ಕೆಳಗಿನಿಂದ ನಟ್ ಬಿಗಿಯುವ, ಉದ್ದ ಕತ್ತಿನ ಅಮೆರಿಕನ್ ಮಾದರಿಯ ಬಟನ್ ಕೊಳ್ಳಿ. ಕೊಳ್ಳುವ ಮುನ್ನ 18 ಮಿ.ಮೀ. ದಾಟಿದ ಮೇಲೂ ನಟ್ ಹಿಡಿಯುವಷ್ಟು ಥ್ರೆಡ್ ಉಳಿಯುತ್ತದೆಯೇ, ನಟ್‌ಗಳು ಅಕ್ಕಪಕ್ಕದಲ್ಲಿ ಒಂದಕ್ಕೊಂದು ತಾಗುವುದಿಲ್ಲವೇ ಎಂದು ಅಳೆದು ನೋಡಿ. ಇದರ ತೂತು 1⅛ ಇಂಚು, ಅಂದರೆ ಸುಮಾರು 28.6 ಮಿ.ಮೀ.; ಕೊರೆದಿರುವ ತೂತಿನಲ್ಲಿ ಅದು ತುಸು ಸಡಿಲವಾದರೂ ನಟ್ ಬಿಗಿದರೆ ಅಲುಗದು, ಸಡಿಲು ಮೇಲಿನ ಅಂಚಿನಡಿ ಮುಚ್ಚಿಹೋಗುತ್ತದೆ. ಸಣ್ಣಪುಟ್ಟ ಸಿಡಿತವೂ ಅಲ್ಲೇ ಮರೆಯಾದೀತು.

ಎರಡನೆಯ ಬದಿಗೆ 1⅛ ಇಂಚಿನ ಫೋರ್ಸ್ಟ್ನರ್ ಬಿಟ್ (ಮರದಲ್ಲಿ ಅಗಲವಾದ, ನಯವಾದ ಅಂಚಿನ ತೂತು ಕೊರೆಯುವ ಡ್ರಿಲ್ ಬಿಟ್) ತನ್ನಿ. ಮುಂಬಯಿಯ ಮಸ್ಜಿದ್ ನಿಲ್ದಾಣದ ಬಳಿಯ ನಾಗದೇವಿ ಸ್ಟ್ರೀಟಿನ ಹತ್ಯಾರಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಸನ್‌ಮೈಕಾದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೆಳಗೊಂದು ರದ್ದಿ ಹಲಗೆಯನ್ನು ಕ್ಲಾಂಪ್‌ನಿಂದ ಬಿಗಿದು, ಸನ್‌ಮೈಕಾದ ಕಡೆಯಿಂದಲೇ ನಿಧಾನವಾಗಿ ಕೊರೆಯಿರಿ. ಅಂಚು ಸಿಡಿಯುವುದು ಸಾಮಾನ್ಯವಾಗಿ ಬಿಟ್ ಹೊರಬೀಳುವ ಮುಖದಲ್ಲಿ. ಕೇಂದ್ರದಿಂದ ಕೇಂದ್ರಕ್ಕೆ 40 ಮಿ.ಮೀ. ಬಿಟ್ಟರೆ ಬೆರಳಿಗೂ ನಟ್‌ಗೂ ಅನುಕೂಲ. ನಿಮ್ಮಲ್ಲಿಯ ಮಳೆಗಾಲದಲ್ಲಿ ಬರಿಯ ಎಂಡಿಎಫ್ ತೇವ ಹೀರಿ ಉಬ್ಬುವುದರಿಂದ ತೂತಿನ ಒಳಗೋಡೆಗೆ ತೆಳುವಾಗಿ ವಾರ್ನಿಶ್ ಹಚ್ಚಿ.

ವೈರಿಂಗ್‌ನಲ್ಲಿ ಒಂದು ವ್ಯತ್ಯಾಸವಿದೆ. ಈಗಿನ ಬಟನ್‌ಗಳಿಗೆ ಎರಡೇ ಟರ್ಮಿನಲ್. ಹೊಸದರ ಮೈಕ್ರೋಸ್ವಿಚ್‌ಗೆ (ಬಟನ್ನಿನಡಿಯ ಪುಟ್ಟ ಸ್ವಿಚ್) ಸಾಮಾನ್ಯವಾಗಿ ಮೂರು. ‘ಕಾಮನ್’ ಮತ್ತು ‘ನಾರ್ಮಲಿ ಓಪನ್’ (ಒತ್ತಿದಾಗ ಮಾತ್ರ ಕೂಡಿಕೊಳ್ಳುವುದು) ಎರಡಕ್ಕೇ ತಂತಿ ಕೊಡಿ. ‘ನಾರ್ಮಲಿ ಓಪನ್’ ಬದಲು ಮೂರನೆಯದಕ್ಕೆ ಕೊಟ್ಟರೆ ಮುಟ್ಟದಿದ್ದರೂ ಒತ್ತಿದಂತೆಯೇ ತೋರಿಸುತ್ತದೆ. ಹಳೆಯ ತಂತಿಯ ತುದಿಗಳು 2.8 ಮಿ.ಮೀ. ಅಗಲದವಾಗಿದ್ದರೆ ಹೊಸದಕ್ಕೆ ಹೆಚ್ಚಾಗಿ 4.8 ಮಿ.ಮೀ.ನವು ಬೇಕಾಗುತ್ತವೆ, ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳುವಾಗ ಒಂದು ಸ್ವಿಚ್ಚನ್ನು ಜೊತೆಗೊಯ್ಯಿರಿ.